ಬೂಷ್ಟು ಹಿಡಿದ ಮದುವೆ ಕ್ಯಾಸೆಟ್: ವಿಸಿಆರ್‌ಗೆ ಹಾಕುವ ಮೊದಲು

ಪ್ರಶ್ನೆ: 1994ರಲ್ಲಿ ಮಂಡ್ಯದ ಛತ್ರವೊಂದರಲ್ಲಿ ನಡೆದ ನಮ್ಮ ಮದುವೆಯ ಎರಡು ವಿಎಚ್‌ಎಸ್ ಕ್ಯಾಸೆಟ್‌ಗಳೂ, ನಮ್ಮ ತಂದೆಯವರು ಬಾಡಿಗೆ ಕ್ಯಾಮೆರಾದಲ್ಲಿ ಚಿತ್ರಿಸಿದ ಜಂಬೂ ಸವಾರಿಯ ಒಂದು ಕ್ಯಾಸೆಟ್ಟೂ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿವೆ. ಸುರುಳಿಯ ಮೇಲೆ ಬಿಳಿ ಪುಡಿಯಂಥದ್ದು ಕಾಣುತ್ತಿದೆ. ಪಕ್ಕದ ಮನೆಯವರ ಬಳಿ ಒಂದು ವಿಸಿಆರ್ ಇದೆ. ಒಂದು ಅಂಗಡಿಯವರು ಡಿವಿಡಿ ಮಾಡಿಕೊಡುತ್ತೇವೆ ಎಂದರೆ, ಇನ್ನೊಬ್ಬರು ಕೃತಕ ಬುದ್ಧಿಮತ್ತೆಯಿಂದ 4ಕೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ನಾವು ಏನು ಮಾಡಬೇಕು?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಆ ಮೂರು ಕ್ಯಾಸೆಟ್‌ಗಳನ್ನು ಸದ್ಯಕ್ಕೆ ಯಾವ ವಿಸಿಆರ್‌ಗೂ ಹಾಕಬೇಡಿ, ಮುಂದಕ್ಕೋ ಹಿಂದಕ್ಕೋ ಸುತ್ತಿ ನೋಡಲೂ ಬೇಡಿ. ನೀವು ಕಂಡ ಬಿಳಿ ಪುಡಿ ಬಹುಮಟ್ಟಿಗೆ ಬೂಷ್ಟು. ಬೇಸಿಗೆಯಲ್ಲಿ ಕಾದು ಮಳೆಗಾಲದಲ್ಲಿ ತೇವ ಹಿಡಿಯುವ ಅಟ್ಟದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಟೇಪಿಗೆ ಅದು ತಗಲುವುದು ಸಾಮಾನ್ಯ. ವಿಸಿಆರ್ ಒಳಗೆ ಟೇಪು ನಿಮಿಷಕ್ಕೆ 1500 ಸುತ್ತು ತಿರುಗುವ ಡ್ರಮ್ಮಿಗೆ ಒತ್ತಿಕೊಂಡು ಸಾಗುತ್ತದೆ, ಚಿತ್ರವನ್ನು ಓದುವ ಹೆಡ್‌ಗಳು ಆ ಡ್ರಮ್ಮಿನಲ್ಲಿಯೇ ಇರುತ್ತವೆ. ಬೂಷ್ಟು ಹೆಡ್‌ಗೆ ಮೆತ್ತಿಕೊಂಡರೆ ಚಿತ್ರ ಮಾಯವಾಗುತ್ತದೆ. ಒಂದಕ್ಕೊಂದು ಅಂಟಿಕೊಂಡ ಸುತ್ತುಗಳನ್ನು ಯಂತ್ರ ಬಲವಂತವಾಗಿ ಎಳೆದರೆ ಟೇಪೇ ಹರಿಯಬಹುದು. ಅದಾದ ಮೇಲೆ ಅದೇ ಯಂತ್ರಕ್ಕೆ ಹಾಕಿದ ನೆರೆಮನೆಯವರ ಒಳ್ಳೆಯ ಕ್ಯಾಸೆಟ್‌ಗಳಿಗೂ ಬೂಷ್ಟು ಹರಡುತ್ತದೆ.

ಇದರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ನಷ್ಟವಿದೆ. ವಿಎಚ್‌ಎಸ್ ಟೇಪಿನ ಒಂದು ಅಂಚಿನಲ್ಲಿ ಧ್ವನಿಯೂ ಇನ್ನೊಂದು ಅಂಚಿನಲ್ಲಿ ಟೇಪಿನ ಓಟವನ್ನು ಹದದಲ್ಲಿಡುವ ಕಂಟ್ರೋಲ್ ಟ್ರ್ಯಾಕೂ ದಾಖಲಾಗಿರುತ್ತವೆ. ಬೂಷ್ಟು ಸಾಮಾನ್ಯವಾಗಿ ಅಂಚಿನಿಂದಲೇ ಒಳಗೆ ಬೆಳೆಯುವುದರಿಂದ, ಚಿತ್ರ ಇನ್ನೂ ಚೆನ್ನಾಗಿರುವಾಗಲೇ ಧಾರೆಯ ಹೊತ್ತಿನ ಮಂತ್ರ, ನಾದಸ್ವರ, ಈಗ ನಮ್ಮೊಡನಿಲ್ಲದ ಹಿರಿಯರು ಆಡಿದ ಮಾತು ಕೆಡಲು ತೊಡಗುತ್ತವೆ. ಮನೆಯ ಚಿತ್ರಗಳಲ್ಲಿ ಮುಖದಷ್ಟೇ ಬೆಲೆಯುಳ್ಳದ್ದು ದನಿ ಎಂದು ನಾನು ನಂಬಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲ ಕೆಲಸವೆಂದರೆ ಬೂಷ್ಟನ್ನು ಒಣಗಿಸುವುದು. ಕ್ಯಾಸೆಟ್‌ಗಳನ್ನು ರಟ್ಟಿನ ಹೊದಿಕೆಯಿಂದ ತೆಗೆದು, ಉಳಿದ ಟೇಪುಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಮುಚ್ಚಿದ ಡಬ್ಬಿಯಲ್ಲಿ ಕೆಲವು ವಾರ ಇಡಿ. ಪೊಟ್ಟಣಗಳು ತೇವ ಹೀರಿಕೊಂಡಂತೆ ಬದಲಾಯಿಸಿ. ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗೆ ಹರಡುವುದು ಖಂಡಿತ ಕೂಡದು, ಬಿಸಿಗೆ ಟೇಪು ಸೊಟ್ಟಗಾಗುತ್ತದೆ. ಒಣಗಿದ ಬೂಷ್ಟನ್ನು ತೆಗೆಯುವ ಕೆಲಸವನ್ನು ಅನುಭವವಿರುವವರಿಗೆ ಒಪ್ಪಿಸುವುದೇ ಮೇಲು. ಅವರು ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಕ್ಯಾಸೆಟ್ಟಿನ ತಳದ ಸ್ಕ್ರೂಗಳನ್ನು ಬಿಚ್ಚಿ, ಎಳೆ ಬಿಡದ ಬಟ್ಟೆಯ ನಡುವೆ ಟೇಪನ್ನು ನಿಧಾನವಾಗಿ ಸುತ್ತಿ ಒರೆಸಿ, ಸುರುಳಿಗಳನ್ನು ಹೊಸ ಕವಚಕ್ಕೆ ವರ್ಗಾಯಿಸುತ್ತಾರೆ. ಮನೆಯಲ್ಲಿ ಉಬ್ಬಸವಿರುವವರಿದ್ದರೆ ಆ ಕ್ಯಾಸೆಟ್‌ಗಳನ್ನು ಕೋಣೆಯೊಳಗೆ ತೆರೆಯಲೇಬೇಡಿ.

ಇನ್ನು ವರ್ಗಾವಣೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಈಗ ಬಳಕೆಯಲ್ಲಿರುವ ಪ್ರತಿಯೊಂದು ಯಂತ್ರವೂ ಹಳೆಯದೇ, ಅದರ ಹೆಡ್ ಎಷ್ಟು ಸವೆದಿದೆ, ಯಾವಾಗ ಶುಚಿ ಮಾಡಿದ್ದಾರೆ ಎಂದು ಕೇಳುವುದು ನಿಮ್ಮ ಹಕ್ಕು. ಹಳೆಯ ಟೇಪಿನಿಂದ ಬರುವ ಚಿತ್ರದ ಗೆರೆಗಳು ಕರಾರುವಾಕ್ಕಾದ ಸಮಯಕ್ಕೆ ಬರುವುದಿಲ್ಲ. ಹಾಗಾಗಿಯೇ ಛತ್ರದ ಕಂಬಗಳು ಅಲುಗಾಡಿದಂತೆ, ಚಿತ್ರದ ಮೇಲ್ಭಾಗ ಪಕ್ಕಕ್ಕೆ ಬಾಗಿದಂತೆ ಕಾಣುತ್ತದೆ. ಅದನ್ನು ಸರಿಪಡಿಸುವ ಉಪಕರಣಕ್ಕೆ ಟೈಮ್ ಬೇಸ್ ಕರೆಕ್ಟರ್ ಎನ್ನುತ್ತಾರೆ. ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್‌ನ ಕೆಲವು ಉತ್ತಮ ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ. ಇಲ್ಲದಿದ್ದರೆ ಕೆಲವು ಹಳೆಯ ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಿಗ್ನಲ್ಲನ್ನು ಹಾಯಿಸಿದರೂ ಬಹಳಷ್ಟು ಸ್ಥಿರವಾಗುತ್ತದೆ. ಗೆರೆಗಳು ಅಲುಗಿದ ಸ್ಥಿತಿಯಲ್ಲಿಯೇ ಫೈಲು ತಯಾರಾದರೆ ಆಮೇಲೆ ಯಾವ ತಂತ್ರಾಂಶವೂ ಅದನ್ನು ಪೂರ್ತಿ ನೆಟ್ಟಗೆ ಮಾಡಲಾರದು. ಇಂಥ ಉಪಕರಣ ನಿಮ್ಮಲ್ಲಿದೆಯೇ ಎಂಬುದೇ ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಡಿವಿಡಿಯನ್ನು ನಾನು ಒಪ್ಪುವುದಿಲ್ಲ. ಡಿವಿಡಿಗೆ ಇಳಿಸುವಾಗ ಚಿತ್ರವನ್ನು ಬಿಗಿಯಾಗಿ ಹಿಂಡಿ ಚಿಕ್ಕದು ಮಾಡುತ್ತಾರೆ, ಅಲ್ಲಿ ಕಳೆದುಹೋದ ವಿವರ ಮರಳಿ ಬರುವುದಿಲ್ಲ. ಮನೆಯಲ್ಲಿ ಬರೆಯುವ ಡಿಸ್ಕ್‌ಗಳ ಬಾಳಿಕೆಯೂ ನಂಬಿಕೆಗೆ ಅರ್ಹವಲ್ಲ. ನೀವು ಕೇಳಬೇಕಾದದ್ದು ನಷ್ಟರಹಿತ ಕೋಡೆಕ್‌ನಲ್ಲಿ (ವಿವರ ಕಳೆಯದೆ ಚಿತ್ರವನ್ನು ಫೈಲಿಗೆ ಅಡಕಗೊಳಿಸುವ ವಿಧಾನದಲ್ಲಿ), ಅಂದರೆ ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿಯಲ್ಲಿ, 720×576 ಅಳತೆಯ ಮೂಲ ಫೈಲು. ಅದು ಗಂಟೆಗೆ ಸುಮಾರು 30 ಜಿಬಿ ಜಾಗ ಬೇಡುತ್ತದೆ, ಮೂರು ಗಂಟೆಯ ಕ್ಯಾಸೆಟ್‌ಗೆ 100 ಜಿಬಿ ಎಂದಿಟ್ಟುಕೊಳ್ಳಿ; ಇಂದಿನ ಹಾರ್ಡ್ ಡಿಸ್ಕ್‌ಗೆ ಇದು ದೊಡ್ಡ ಹೊರೆಯಲ್ಲ. ನೆಂಟರಿಗೆ ಕಳುಹಿಸಲು ಅದರಿಂದಲೇ ಎಂಪಿ4 ಪ್ರತಿ ಮಾಡಿಸಿ. ಹಾಗೆ ಮಾಡುವಾಗ ಒಂದು ಷರತ್ತು: ನಮ್ಮ ದೇಶದ ಪ್ಯಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು 50 ಅರೆಚಿತ್ರಗಳಾಗಿ ದಾಖಲಾಗಿರುತ್ತವೆ. ಅವನ್ನು ಬಿಡಿಸಿ 50 ಪೂರ್ಣ ಚೌಕಟ್ಟುಗಳನ್ನಾಗಿ ಮಾಡಬೇಕು. ಸೋಮಾರಿತನದಿಂದ ಅರ್ಧವನ್ನು ಬಿಸಾಡಿ 25ಕ್ಕೆ ಇಳಿಸಿದರೆ ನಿಮ್ಮ ತಂದೆಯವರು ಹಿಡಿದ ಅಶ್ವಾರೋಹಿ ದಳದ ಕುದುರೆಗಳ ಓಟ ತುಂಡುತುಂಡಾಗಿ ಕಾಣುತ್ತದೆ.

4ಕೆ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿ. ವಿಎಚ್‌ಎಸ್‌ನಲ್ಲಿ ಅಡ್ಡಡ್ಡವಾಗಿ ಸುಮಾರು 240 ಗೆರೆಗಳಷ್ಟು ವಿವರವಷ್ಟೇ ಇರುತ್ತದೆ. ಇಲ್ಲದ ವಿವರವನ್ನು ಕೃತಕ ಬುದ್ಧಿಮತ್ತೆ ಊಹಿಸಿ ತುಂಬುತ್ತದೆ, ಹಂದರದ ಅಂಚಿಗೆ ತುಂಬಿದರೆ ಚಿಂತೆಯಿಲ್ಲ, ಆದರೆ ಹಿಂದಿನ ಸಾಲಿನಲ್ಲಿ ಕುಳಿತ ನಿಮ್ಮ ಅಜ್ಜಿಗೆ ಅದು ಯಾರದೋ ಕಣ್ಣು, ಯಾರದೋ ಹಲ್ಲು ಕೊಟ್ಟುಬಿಡುತ್ತದೆ. ಬಣ್ಣ ಸರಿಪಡಿಸುವುದು, ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವ ಚುಕ್ಕೆಗಳನ್ನು ಹದವಾಗಿ ತಗ್ಗಿಸುವುದು, ಧ್ವನಿಯಲ್ಲಿನ ಗುಂಯ್‌ಗುಡುವಿಕೆಯನ್ನು ಕಡಿಮೆ ಮಾಡುವುದು, ಇವೆಲ್ಲ ಸರಿ. ಆದರೆ ಮೂಲ ಫೈಲನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಮಾತ್ರ ಮಾಡಿಸಿ. ಮೂಲ ಫೈಲಿನ ಎರಡು ಪ್ರತಿಗಳು ಮನೆಯಲ್ಲಿ ಬೇರೆ ಬೇರೆ ಡಿಸ್ಕ್‌ಗಳಲ್ಲಿರಲಿ, ಮೂರನೆಯದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಕ್ಯಾಸೆಟ್‌ಗಳನ್ನು ಎಸೆಯಬೇಡಿ. ಪೂರ್ತಿ ಒಂದು ಕಡೆಗೆ ಸುತ್ತಿ, ಅಟ್ಟದಲ್ಲಿ ಬೇಡ, ಮನೆಯೊಳಗಿನ ಒಣ ಬೀರುವಿನಲ್ಲಿ ಪುಸ್ತಕದಂತೆ ನಿಲ್ಲಿಸಿಡಿ.

ಪ್ರಶ್ನೆ: 2004ರ ಸುಮಾರಿಗೆ ಮಿನಿ ಡಿವಿ ಹ್ಯಾಂಡಿಕ್ಯಾಮ್‌ನಲ್ಲಿ ಮಗನ ನಾಮಕರಣವನ್ನು ಚಿತ್ರಿಸಿದ್ದೆವು. ಕ್ಯಾಮೆರಾ ಇನ್ನೂ ನಡೆಯುತ್ತದೆ. ಟಿವಿಗೆ ಹಾಕುವ ಕೆಂಪು, ಬಿಳಿ, ಹಳದಿ ತಂತಿಯಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇಳಿಸಬಹುದು, ಆದರೆ ಇಳಿಸಬಾರದು. 1995ರಲ್ಲಿ ಬಂದ ಡಿವಿ ಪದ್ಧತಿಯ ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ದತ್ತಾಂಶ. ಆ ತಂತಿಯಿಂದ ತೆಗೆದರೆ ಅದು ಮೊದಲು ಅನಲಾಗ್ ಆಗಿ, ಮತ್ತೆ ಡಿಜಿಟಲ್ ಆಗಿ, ಎರಡು ಸಲ ಸೊರಗುತ್ತದೆ. ಕ್ಯಾಮೆರಾದ ಬದಿಯಲ್ಲಿ ಡಿವಿ ಅಥವಾ ಐ-ಲಿಂಕ್ ಎಂದು ಗುರುತಿರುವ ಪುಟ್ಟ ಕಿಂಡಿಯನ್ನು ಫೈರ್‌ವೈರ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಟೇಪಿನಲ್ಲಿರುವ ದತ್ತಾಂಶವೇ ಯಥಾವತ್ತಾಗಿ ನಕಲಾಗುತ್ತದೆ. ಗಂಟೆಗೆ ಸುಮಾರು 13 ಜಿಬಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಕಿಂಡಿ ಇರುವುದಿಲ್ಲ, ಹಳೆಯ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸುವುದು ಸುಲಭದ ದಾರಿ. ಯುಎಸ್‌ಬಿ ಕಿಂಡಿಯನ್ನೇ ಫೈರ್‌ವೈರ್ ಆಗಿಸುತ್ತದೆ ಎಂದು ಹೇಳಿ ಮಾರುವ ಅಗ್ಗದ ಪುಟ್ಟ ಪ್ಲಗ್‌ಗಳನ್ನು ಕೊಳ್ಳಬೇಡಿ. ಅವು ಈ ಕೆಲಸಕ್ಕೆ ಬರುವುದಿಲ್ಲ.

ಚಿತ್ರದಲ್ಲಿ ಚೌಕಚೌಕವಾಗಿ ಒಡೆದಂತೆ ಕಂಡರೆ ಡಿವಿ ಹೆಡ್ ಕ್ಲೀನಿಂಗ್ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಿರುವ ಸೆಕೆಂಡುಗಳಷ್ಟೇ ಓಡಿಸಿ, ಮತ್ತೊಮ್ಮೆ ಇಳಿಸಿ ನೋಡಿ. ನೀವು ಹೆಚ್ಚು ಹೊತ್ತು ಹಿಡಿಸಲೆಂದು ಎಲ್‌ಪಿ ವೇಗದಲ್ಲಿ ಚಿತ್ರಿಸಿದ್ದರೆ, ಆ ಟೇಪು ಬೇರೆ ಕ್ಯಾಮೆರಾಗಳಲ್ಲಿ ಸರಿಯಾಗಿ ಓಡದಿರುವ ಸಂಭವ ಹೆಚ್ಚು. ಆದ್ದರಿಂದ ನಿಮ್ಮ ಹ್ಯಾಂಡಿಕ್ಯಾಮ್ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ, ಅದನ್ನು ಹಳೆ ಸಾಮಾನಿನವರಿಗೆ ಕೊಡಬೇಡಿ.