ಥೀಮ್ ಪಾರ್ಕ್‌ಗೆ ಜೀವನಪೂರ್ತಿ ಪಾಸ್ ನಿಜವಾಗಿಯೂ ಸಿಗುತ್ತದೆಯೇ? ರೊಕ್ಕ ಕೊಟ್ಟು ತಗೊಳ್ಳಬಹುದೇ?

ನೀವು ಎರಡು ವಿಷಯ ಕೇಳಿದ್ದೀರಿ. ಅಮೆರಿಕದ ಡಿಸ್ನಿಲ್ಯಾಂಡ್‌ಗೆ ಕೆಲವರ ಹತ್ತಿರ ಜೀವನಪೂರ್ತಿ ಪಾಸ್ ಇದೆಯಂತೆ, ಅದು ನಿಜವೇ ಎನ್ನುವುದು ಒಂದು. ಕಲಬುರಗಿಯ ಮಾಲ್ ಒಂದರಲ್ಲಿ ನೀವು ಕೂಪನ್ ತುಂಬಿದ್ದೀರಿ, ಆಮೇಲೆ ಫೋನ್ ಬಂದಿದೆ, ಒಂದೂವರೆ ಲಕ್ಷ ಕಟ್ಟಿದರೆ ವಾಟರ್ ಪಾರ್ಕ್, ರೆಸಾರ್ಟ್ ಎಲ್ಲಾ ‘ಲೈಫ್‌ಟೈಮ್ ಫ್ರೀ’ ಎನ್ನುತ್ತಿದ್ದಾರೆ, ಕಟ್ಟಬಹುದೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ದಯವಿಟ್ಟು ಬೇಡ.

ನಾನು ಕಲಬುರಗಿಯಿಂದ ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಕೆಲಸ ಮಾಡುತ್ತೇನೆ. ಪಾರ್ಕ್‌ಗಳ ಟಿಕೆಟ್, ಪಾಸ್, ರಿಯಾಯಿತಿ ಇವೆಲ್ಲ ನನಗೆ ದಿನದ ಕೆಲಸ. ಈ ಜೀವನಪೂರ್ತಿ ಪಾಸ್ ಬಗ್ಗೆ ಮೊದಲಿನಿಂದಲೂ ಕುತೂಹಲ ಇದ್ದದ್ದರಿಂದ ತುಂಬಾ ಓದಿದ್ದೇನೆ.

ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿದೆ. 1955ರ ಜುಲೈ 17ರಂದು ಆಹ್ವಾನಿತರಿಗಾಗಿ ಬಾಗಿಲು ತೆರೆಯಿತು. ಆ ದಿನವೇ ನಕಲಿ ಆಹ್ವಾನ ಪತ್ರ ಹಿಡಿದು ಸಾವಿರಾರು ಜನ ಒಳಗೆ ನುಗ್ಗಿದ್ದರು. ಅಂದರೆ ಪಾರ್ಕ್‌ಗೆ ಒಂದು ದಿನ ತುಂಬುವ ಮೊದಲೇ ನಕಲಿ ಪಾಸ್ ಬಂದಿತ್ತು! ಸಾಮಾನ್ಯ ಜನರಿಗೆ ಪ್ರವೇಶ ಸಿಕ್ಕಿದ್ದು ಮರುದಿನ. ಮೊದಲನೇ ನಂಬರಿನ ಟಿಕೆಟ್ ಅನ್ನು ವಾಲ್ಟ್ ಡಿಸ್ನಿಯ ಅಣ್ಣ ರಾಯ್ ಡಿಸ್ನಿ ಒಂದು ಡಾಲರ್ ಕೊಟ್ಟು ತಗೊಂಡಿದ್ದರು. ಹೊರಗಿನವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಡೇವ್ ಮ್ಯಾಕ್‌ಫರ್ಸನ್ ಎಂಬ 22 ವರ್ಷದ ಕಾಲೇಜು ಹುಡುಗ. ನಡುರಾತ್ರಿ ಕಳೆದ ಮೇಲೆ ಮೋಟಾರ್ ಸೈಕಲ್ ಹತ್ತಿ ಬಂದು, ಬೆಳಗಾಗುವವರೆಗೆ ಕಾದಿದ್ದ. ಅವನಿಗೆ ಪಾರ್ಕ್‌ನವರು ಜೀವನಪೂರ್ತಿ ಪಾಸ್ ಕೊಟ್ಟರು. ಅಂದು ಒಳಗೆ ಕಾಲಿಟ್ಟ ಮೊದಲ ಇಬ್ಬರು ಮಕ್ಕಳು ಕ್ರಿಸ್ಟೀನ್ ವೆಸ್ ಮತ್ತು ಮೈಕಲ್ ಶ್ವಾರ್ಟ್ನರ್. ಅವರಿಗೂ ಅಂಥ ಪಾಸ್ ಸಿಕ್ಕಿತು.

ಅಮೆರಿಕದ್ದೇ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಎಂಬ ಪಾರ್ಕ್ ಅದಕ್ಕಿಂತ ಹಳೆಯದು, 1870ರಲ್ಲಿ ಶುರುವಾದದ್ದು. 150 ವರ್ಷದ ಸಂಭ್ರಮಕ್ಕೆ ಅಲ್ಲಿನವರು ‘ಟಿಕೆಟ್ ಆಫ್ ಎ ಲೈಫ್‌ಟೈಮ್’ ಎಂಬ ಬಹುಮಾನ ಇಟ್ಟರು. ಗೆದ್ದವರಿಗೆ ಬದುಕಿರುವವರೆಗೂ ಪ್ರವೇಶ.

ಇವೆಲ್ಲದರಲ್ಲೂ ಒಂದು ಸಾಮ್ಯ ಕಾಣಿಸುತ್ತದೆ, ಅಲ್ವಾ? ಯಾರೂ ರೊಕ್ಕ ಕೊಟ್ಟು ತಗೊಂಡಿಲ್ಲ. ಪಾರ್ಕ್ ತಾನಾಗಿಯೇ ಕೊಟ್ಟಿದೆ. ಮೊದಲು ಬಂದದ್ದಕ್ಕೆ, ಇಲ್ಲವೇ ಬಹುಮಾನವಾಗಿ. ಅದಕ್ಕೇ ಇವು ಅಪರೂಪ. ಕೆಲವೇ ಜನರಿಗೆ ಕೊಟ್ಟದ್ದರಿಂದ ಪಾರ್ಕ್‌ಗೆ ಹೊರೆಯಾಗುವುದಿಲ್ಲ. ಪೇಪರಿನಲ್ಲಿ ಸುದ್ದಿ ಬರುತ್ತದೆ, ಹೆಸರು ಬರುತ್ತದೆ. ಡಿಸ್ನಿಲ್ಯಾಂಡ್‌ನ ಜೀವನಪೂರ್ತಿ ಪಾಸ್ ಕೌಂಟರ್‌ನಲ್ಲಿ ಸಿಗುವ ಸರಕಲ್ಲ. ಹಾಗಾಗಿ ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ ‘ಇಷ್ಟು ಕಟ್ಟಿ, ಡಿಸ್ನಿ ಲೈಫ್‌ಟೈಮ್ ಪಾಸ್ ಪಡೆಯಿರಿ’ ಎಂದು ಬಂದರೆ ಮುಟ್ಟಲೇಬೇಡಿ.

ದಿನಾ ಹೋಗುವ ಹುಚ್ಚಿದ್ದವರೂ ವರ್ಷದ ಪಾಸ್‌ನಲ್ಲೇ ಹೋಗಿದ್ದಾರೆ. ಜೆಫ್ ರೈಟ್ಜ್ ಎಂಬಾತ 2012ರ ಜನವರಿ 1ರಿಂದ ಸತತವಾಗಿ 2,995 ದಿನ ಡಿಸ್ನಿಲ್ಯಾಂಡ್‌ಗೆ ಹೋಗಿ ಗಿನ್ನೆಸ್ ದಾಖಲೆ ಮಾಡಿದ. ಅವನ ಕೈಯಲ್ಲಿದ್ದದ್ದು ವರ್ಷವರ್ಷ ನವೀಕರಿಸುವ ಪಾಸ್. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪಾರ್ಕ್ ಮುಚ್ಚಿದಾಗ ಆ ಸರಣಿ ನಿಂತಿತು.

ಮುಚ್ಚುವ ಮಾತು ಬಂದದ್ದು ಒಳ್ಳೆಯದಾಯಿತು. ಯಾಕೆಂದರೆ ನಿಮಗೆ ಪಾಸ್ ಮಾರುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ: ಜೀವನಪೂರ್ತಿ ಅಂದರೆ ಯಾರ ಜೀವನ? ನಿಮ್ಮದಾ, ಪಾರ್ಕ್‌ನದಾ, ಆ ಕಂಪನಿಯದಾ? ದೆಹಲಿಯ ಅಪ್ಪು ಘರ್ ನೆನಪಿರಬಹುದು. 1982ರ ಏಷ್ಯನ್ ಗೇಮ್ಸ್‌ನ ಆನೆಮರಿ ಅಪ್ಪುವಿನ ಹೆಸರು ಇಟ್ಟಿದ್ದರು. 1984ರಲ್ಲಿ ಶುರುವಾಯಿತು. ಪ್ರಗತಿ ಮೈದಾನದಲ್ಲಿತ್ತು, ರಾಜಧಾನಿಯ ನಡುಮಧ್ಯೆ. ಅಷ್ಟು ಹೆಸರು ಮಾಡಿದ್ದ ಜಾಗ 2008ರಲ್ಲಿ ಮುಚ್ಚಿಹೋಯಿತು. ಇನ್ನು ಮಾಲೀಕರು ಬದಲಾಗುವುದಂತೂ ಮಾಮೂಲು. ಮೇಲೆ ಹೇಳಿದ ಸೀಡರ್ ಪಾಯಿಂಟ್‌ನ ಕಂಪನಿಯೇ 2024ರಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಎಂಬ ಇನ್ನೊಂದು ಪಾರ್ಕ್ ಕಂಪನಿ ಜೊತೆ ಒಂದಾಯಿತು. ದೊಡ್ಡ ಕಂಪನಿಗಳಿಗೇ ಹೀಗಾದರೆ, ಇವತ್ತು ಬಾಡಿಗೆ ಹಾಲ್‌ನಲ್ಲಿ ಕುಳಿತು ಚೆಕ್ ಬರೆಸಿಕೊಳ್ಳುವ ಏಜೆನ್ಸಿ ಇಪ್ಪತ್ತು ವರ್ಷ ಆದ ಮೇಲೆ ಎಲ್ಲಿರುತ್ತದೆ?

ರೊಕ್ಕಕ್ಕೆ ಮಾರಿದ ಜೀವನಪೂರ್ತಿ ಪಾಸ್‌ಗಳೂ ಇವೆ. ಅದರ ಕಥೆ ಇನ್ನೂ ಕಲಿಸುತ್ತದೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ‘ಏರ್‌ಪಾಸ್’ ಮಾರಿತು. ಎರಡೂವರೆ ಲಕ್ಷ ಡಾಲರ್ ಒಮ್ಮೆ ಕಟ್ಟಿದರೆ ಜೀವನಪೂರ್ತಿ ಫಸ್ಟ್ ಕ್ಲಾಸ್ ವಿಮಾನ, ಎಷ್ಟು ಸಲ ಬೇಕಾದರೂ. ಆಗ ಕಂಪನಿಗೆ ರೊಕ್ಕದ ತುರ್ತಿತ್ತು, ಮುಂದಿನ ಲೆಕ್ಕ ಸರಿಯಾಗಿ ಹಾಕಲಿಲ್ಲ. ತಗೊಂಡವರು ಸುಮ್ನೆ ಕೂರಲಿಲ್ಲ. ಸ್ಟೀವ್ ರೋಥ್‌ಸ್ಟೈನ್ ಎಂಬಾತ ಹತ್ತು ಸಾವಿರಕ್ಕೂ ಜಾಸ್ತಿ ಸಲ ಹಾರಿದ. 2008ರಲ್ಲಿ ಕಂಪನಿ ಅವನ ಪಾಸ್ ರದ್ದು ಮಾಡಿತು. ಪಾಸ್ ದುರುಪಯೋಗ ಆಗಿದೆ ಎಂದು ಕಂಪನಿ, ಒಪ್ಪಂದದಂತೆಯೇ ಬಳಸಿದ್ದೇನೆ ಎಂದು ಅವನು. ವಿಷಯ ಕೋರ್ಟಿಗೆ ಹೋಯಿತು. ಇದರಿಂದ ನನಗೆ ಅರ್ಥವಾದದ್ದು ಇಷ್ಟು: ನೀವು ಕಮ್ಮಿ ಬಳಸಿದರೆ ನಿಮಗೆ ನಷ್ಟ, ಜಾಸ್ತಿ ಬಳಸಿದರೆ ಕಂಪನಿಗೆ ನಷ್ಟ, ಮತ್ತು ಷರತ್ತು ಬರೆಯುವವರು ಕಂಪನಿಯವರು.

ಹಾಗಂತ ಎಲ್ಲವೂ ಮೋಸ ಎನ್ನುವುದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ 62 ವರ್ಷ ತುಂಬಿದ ಅಲ್ಲಿನ ನಾಗರಿಕರಿಗೆ ಜೀವನಪೂರ್ತಿ ಪಾಸ್ ಇದೆ. ಮೊದಲು ಬರೀ 10 ಡಾಲರ್ ಇತ್ತು. 2017ರ ಆಗಸ್ಟ್‌ನಲ್ಲಿ 80 ಡಾಲರ್ ಮಾಡಿದರು. ಹಳೆಯ ಪಾಸ್ ಇದ್ದವರಿಗೆ ಅದೇ ಮುಂದುವರಿಯಿತು. ಅಲ್ಲಿ ಮಾತು ಕೊಟ್ಟಿರುವುದು ಸರ್ಕಾರ, ಬೆಲೆಯೂ ಚಿಕ್ಕದು, ಬೆಟ್ಟ ಕಾಡುಗಳು ಓಡಿಹೋಗುವುದಿಲ್ಲ.

ಈಗ ನಿಮಗೆ ಬಂದಿರುವ ಫೋನ್. ಇದು ಹೇಗೆ ನಡೆಯುತ್ತದೆ ಎಂದು ನಮ್ಮ ಭಾಗದಲ್ಲಿ ಎಷ್ಟೋ ಕುಟುಂಬಗಳಿಂದ ಕೇಳಿದ್ದೇನೆ. ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಕೂಪನ್ ತುಂಬಿಸುತ್ತಾರೆ. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹಾಲ್‌ಗೆ ಬನ್ನಿ ಎನ್ನುತ್ತಾರೆ. ಇಬ್ಬರನ್ನೂ ಯಾಕೆ ಕರೆಯುತ್ತಾರೆಂದರೆ, ‘ಮನೆಗೆ ಹೋಗಿ ಕೇಳಿ ಹೇಳ್ತೀನಿ’ ಅನ್ನುವ ದಾರಿ ಮುಚ್ಚಲಿಕ್ಕೆ. ಎರಡು ಗಂಟೆ ಮಾತು, ಜೋರಾಗಿ ಹಾಡು, ಚಪ್ಪಾಳೆ, ಮಕ್ಕಳು ನೀರಲ್ಲಿ ಆಡುವ ವಿಡಿಯೊ. ಬೆಲೆ ಮೊದಲು ಮೂರು ಲಕ್ಷ, ಆಮೇಲೆ ‘ನಿಮಗಾಗಿ’ ಒಂದೂವರೆ. ಇವತ್ತು ಒಂದೇ ದಿನ.

ಸೇಡಂ ಕಡೆಯ ನಮ್ಮ ಪರಿಚಯದ ಮೇಷ್ಟ್ರು ಒಬ್ಬರು ತೊಗರಿ ಮಾರಿದ ರೊಕ್ಕದಿಂದ ಹೀಗೆ ಕಟ್ಟಿದ್ದರು. ಬೇಸಿಗೆ ರಜೆಯಲ್ಲಿ ಬುಕ್ ಮಾಡಲು ಹೋದರೆ ‘ಸೀಸನ್ ಫುಲ್’. ದಸರಾ ರಜೆಗೂ ಅದೇ ಉತ್ತರ. ಶಾಲೆ ನಡೆಯುವಾಗ ಮಾತ್ರ ಜಾಗ ಖಾಲಿ, ಆಗ ಮೇಷ್ಟ್ರು ಹೋಗುವುದು ಹೇಗೆ? ಮೇಲೆ ವರ್ಷವರ್ಷ ನಿರ್ವಹಣಾ ಶುಲ್ಕ ಬೇರೆ. ಅದು ಒಪ್ಪಂದದ ಒಳಪುಟದಲ್ಲಿ ಇಂಗ್ಲಿಷ್‌ನಲ್ಲಿ ಇತ್ತು, ಹಾಲ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂದು ಹಿರಿಯರು ಸುಮ್ನೆ ಹೇಳಿಲ್ಲ. ಅವರ ಮಕ್ಕಳ ಮುಖ ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದೂವರೆ ಲಕ್ಷವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಶೇ 6.5 ಬಡ್ಡಿ ಸಿಕ್ಕರೆ ವರ್ಷಕ್ಕೆ 9,750 ರೂಪಾಯಿ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್, ಬೀದರ್‌ನವರಿಗೆ ಇನ್ನೂ ಹತ್ತಿರ. ಹೈದರಾಬಾದ್‌ನ ವಂಡರ್‌ಲಾ ಪಾರ್ಕ್ 2016ರಲ್ಲಿ ಶುರುವಾಗಿದೆ, ಹೊರ ವರ್ತುಲ ರಸ್ತೆಗೆ ಹತ್ತಿರದ ರಾವಿರ್ಯಾಲದಲ್ಲಿದೆ. ನಾಲ್ಕು ಜನರ ಕುಟುಂಬ ವರ್ಷಕ್ಕೊಮ್ಮೆ ಹೋಗಿ ಬಂದರೆ ಖರ್ಚಿನ ದೊಡ್ಡ ಪಾಲು ಆ ಬಡ್ಡಿಯಲ್ಲೇ ಬರುತ್ತದೆ. ಅಸಲು ನಿಮ್ಮ ಹತ್ತಿರವೇ ಇರುತ್ತದೆ. ಮಗಳ ಫೀಸಿಗೋ ಆಸ್ಪತ್ರೆಗೋ ಬೇಕಾದ ದಿನ ಮುರಿಸಬಹುದು. ಬೇರೆ ವರ್ಷ ಬೇರೆ ಊರಿಗೂ ಹೋಗಬಹುದು. ನಮ್ಮ ಕಡೆಯವರು ಇಂಥ ಪಾರ್ಕ್‌ಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತೇವೆ, ಹೇಳಿ? ಮಕ್ಕಳು ಹತ್ತನೇ ತರಗತಿ ದಾಟಿದರೆ ಅದೂ ಕಮ್ಮಿಯಾಗುತ್ತದೆ. ವಾರದ ನಡುವಿನ ದಿನ ಹೋದರೆ ಸಾಲೂ ಕಮ್ಮಿ, ಎಷ್ಟೋ ಕಡೆ ದರವೂ ಕಮ್ಮಿ. ಶಾಲೆಯಿಂದ ಗುಂಪಾಗಿ ಹೋದರೆ ಮುಂಚೆಯೇ ಫೋನ್ ಮಾಡಿ ದರ ಕೇಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಬೀದರ್ ಕೋಟೆಯ ರಂಗೀನ್ ಮಹಲ್, ಕಲಬುರಗಿ ಕೋಟೆಯೊಳಗಿನ ದೊಡ್ಡ ಜಾಮಿ ಮಸೀದಿ ನಮ್ಮ ಬಾಗಿಲಲ್ಲೇ ಇವೆ. ನಾನು ಕರೆದುಕೊಂಡು ಹೋಗುವ ಮಕ್ಕಳು ವೇವ್ ಪೂಲ್‌ನಲ್ಲಿ ಕುಣಿದಷ್ಟೇ ಖುಷಿಯಿಂದ ಬೀದರ್ ಕೋಟೆಯ ಬುರುಜು ಹತ್ತುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಾಲ್‌ಗೆ ಹೋಗಿಯೇ ತೀರುತ್ತೇವೆ ಎಂದಾದರೆ ಕಾರ್ಡ್, ಚೆಕ್‌ಬುಕ್ ಮನೆಯಲ್ಲಿ ಬಿಟ್ಟು ಹೋಗಿ. ಫೋನ್‌ನಲ್ಲಿ ಬರುವ ಒಟಿಪಿ ಯಾರಿಗೂ ಹೇಳಬೇಡಿ. ಒಪ್ಪಂದದ ಪ್ರತಿ ಕೊಡಿ, ಮನೆಯಲ್ಲಿ ಓದಿ ನಾಳೆ ಬರುತ್ತೇವೆ ಎನ್ನಿ. ಕೊಡಲ್ಲ ಎಂದರೆ ಎದ್ದು ಬನ್ನಿ.

ಅಕಸ್ಮಾತ್ ಈಗಾಗಲೇ ಮುಂಗಡ ಕೊಟ್ಟಿದ್ದರೆ ತಡ ಮಾಡಬೇಡಿ. ರದ್ದು ಮಾಡಿ ಎಂದು ಇವತ್ತೇ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿಯ ಆಫೀಸ್ ಎಲ್ಲೇ ಇದ್ದರೂ 2019ರ ಗ್ರಾಹಕ ಕಾಯ್ದೆಯಂತೆ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಬೇರೆ ಊರಿಗೆ ಓಡಾಡಬೇಕಿಲ್ಲ. ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯವಲ್ಲ, ನೀವೇ ವಾದ ಮಾಡಬಹುದು.

ನಿಮಗೆ ಒಪ್ಪಂದದ ಪ್ರತಿ ಕೊಟ್ಟಿದ್ದರೆ ಹೆಸರು, ನಂಬರ್ ಮುಚ್ಚಿ ಅದರ ಷರತ್ತುಗಳ ಪುಟ ಮಾತ್ರ ಇಲ್ಲಿ ಹಾಕಿ. ರದ್ದತಿ ಮತ್ತು ವಾರ್ಷಿಕ ಶುಲ್ಕದ ಬಗ್ಗೆ ಏನು ಬರೆದಿದ್ದಾರೆಂದು ಓದಿ ಹೇಳುತ್ತೇನೆ.