ಬೇಸಿಗೆಗೆ ಕುಕ್ಕರ್ ಪಾಸ್ತಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆಖೆ ಶುರುವಾದ ಮೇಲೆ ಅಡುಗೆ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನಲ್ಲಿ ಪಾಸ್ತಾ ಮಾಡುವ ಬಗ್ಗೆಯೇ. ಒಬ್ಬರಿಗೆ ಮುದ್ದೆಯಾಗಿದೆ, ಇನ್ನೊಬ್ಬರಿಗೆ ತಳ ಹಿಡಿದಿದೆ, ಮತ್ತೊಬ್ಬರ ಅಡುಗೆಮನೆ ಗೋಡೆಗೆಲ್ಲ ಗಂಜಿ ಎರಚಿದೆ. ಇಲ್ಲಿ ಕಪ್ ಎಂದರೆ 240 ಮಿ.ಲೀ., ಕುಕ್ಕರ್ ಎಂದರೆ ಇನ್‌ಸ್ಟಂಟ್ ಪಾಟ್ ಮಾದರಿಯದು.

ಪ್ರಶ್ನೆ: ಮಕ್ಕಳಿಗೆ ರಜೆ. ಸಂಜೆಯಾದರೆ ಪಾಸ್ತಾ ಬೇಕು. 6 ಲೀಟರಿನ ಎಲೆಕ್ಟ್ರಿಕ್ ಕುಕ್ಕರ್ ಇದೆ. ನೀರು ಬಸಿಯುವ ರಗಳೆ ಇಲ್ಲದೆ ಒಂದೇ ಪಾತ್ರೆಯಲ್ಲಿ ಮಾಡುವ ಸರಿಯಾದ ಅಳತೆ ಕೊಡಿ.
— ಓದುಗರು, ದಾವಣಗೆರೆ

ಉತ್ತರ: ಮೂರು ಜನಕ್ಕೆ 250 ಗ್ರಾಂ ಪೆನ್ನೆ (ಕೊಳವೆಯಾಕಾರದ ಪಾಸ್ತಾ), ಅಂದರೆ ಅರ್ಧ ಕಿಲೋ ಪ್ಯಾಕೆಟ್ಟಿನ ಅರ್ಧ. ಚೆನ್ನಾಗಿ ಹಣ್ಣಾದ ಟೊಮೆಟೊ 400 ಗ್ರಾಂ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಿಕ್ಕ ಚಮಚ ಉಪ್ಪು, 450 ಮಿ.ಲೀ. ನೀರು. ಕೊನೆಗೆ ಬೆರೆಸಲು ಒಂದು ಸಣ್ಣ ಜುಕಿನಿ, ಅರ್ಧ ಕಪ್ ಬೇಯಿಸಿದ ಸ್ವೀಟ್ ಕಾರ್ನ್, ಹತ್ತು ಹದಿನೈದು ಬೇಸಿಲ್ ಎಲೆ, 40 ಗ್ರಾಂ ಚೀಸ್, ಕಾಳುಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು.

ಸೋಟೆ ಬಟನ್ ಒತ್ತಿ, ಎಣ್ಣೆ ಕಾದ ಮೇಲೆ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಕೆಂಪಗಾಗುವುದು ಬೇಡ, ಎರಡು ಮೂರು ನಿಮಿಷ ಸಾಕು. ಕ್ಯಾನ್ಸಲ್ ಒತ್ತಿ, ಅಳೆದಿಟ್ಟ ನೀರಿನಲ್ಲಿ ಅರ್ಧ ಕಪ್ ಸುರಿದು ಮರದ ಸಟ್ಟುಗದಿಂದ ತಳವನ್ನು ಕೆರೆಯಿರಿ. ಸಟ್ಟುಗ ಎಲ್ಲೂ ತಡೆಯದೆ ಜಾರಬೇಕು. ಆಮೇಲೆ ಪಾಸ್ತಾ ಹರಡಿ, ಉಪ್ಪು ಉದುರಿಸಿ, ಉಳಿದ ನೀರು ಹಾಕಿ. ಮೇಲೆದ್ದ ತುಂಡುಗಳನ್ನು ಒತ್ತಿ ನೀರಿಗಿಳಿಸಿ. ಹೆಚ್ಚಿದ ಟೊಮೆಟೊವನ್ನು ಎಲ್ಲಕ್ಕಿಂತ ಮೇಲೆ ಸುರಿದು ಹಾಗೇ ಬಿಡಿ, ಕಲಕಬೇಡಿ. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಮುಚ್ಚಳ ಹಾಕಿ, ವಾಲ್ವ್ ಮುಚ್ಚಿ, ಹೈ ಪ್ರೆಶರ್‌ನಲ್ಲಿ 4 ನಿಮಿಷ ಇಡಿ. ‘ಕೀಪ್ ವಾರ್ಮ್’ ಆಫ್ ಮಾಡಿರಿ. ಟೈಮರ್ ಕೂಗಿದ ಕೂಡಲೇ ಆವಿ ಬಿಡಲು ಶುರುಮಾಡಿ.

ಮುಚ್ಚಳ ತೆಗೆದಾಗ ಪಾಸ್ತಾ ನೀರುನೀರಾಗಿ ಕಾಣುತ್ತದೆ. ಎಲ್ಲರೂ ಎಡವುವುದು ಇಲ್ಲೇ. ನೀರು ಹೆಚ್ಚಾಯಿತೆಂದು ಬಸಿಯುತ್ತಾರೆ, ಇಲ್ಲವೇ ಮತ್ತೆ ಸೋಟೆ ಒತ್ತಿ ಕುದಿಸುತ್ತಾರೆ. ಎರಡೂ ಬೇಡ. ತಳದಿಂದ ಒಮ್ಮೆ ಕೈಯಾಡಿಸಿ, ತೆಳ್ಳಗೆ ಬಿಲ್ಲೆ ಮಾಡಿದ ಜುಕಿನಿ, ಕಾರ್ನ್ ಹಾಕಿ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಐದು ನಿಮಿಷ ಬಿಡಿ. ಆ ನೀರನ್ನು ಪಾಸ್ತಾ ಕುಡಿಯುತ್ತದೆ, ಉಳಿದದ್ದು ಗಂಜಿಯಿಂದ ಗಟ್ಟಿಯಾಗಿ ಸಾಸ್ ಆಗುತ್ತದೆ. ಸೌಟಿನ ಹಿಂಭಾಗಕ್ಕೆ ತೆಳುವಾಗಿ ಅಂಟಿಕೊಂಡರೆ ಹದ ಬಂತು. ಆಗ ಚೀಸ್, ಮೆಣಸು, ಬೇಸಿಲ್, ನಿಂಬೆರಸ. ಪ್ರಾಸೆಸ್ಡ್ ಚೀಸ್ ಹಾಕುವವರು ಉಪ್ಪನ್ನು ಮುಕ್ಕಾಲು ಚಮಚಕ್ಕೆ ಇಳಿಸಿ. ನಾಟಿ ಟೊಮೆಟೊ ಹುಳಿ ಜಾಸ್ತಿ, ಅದಕ್ಕೆ ಚಿಟಿಕೆ ಸಕ್ಕರೆ ಸೇರಿಸಿ, ನಿಂಬೆ ಬಿಟ್ಟುಬಿಡಿ.

ಜುಕಿನಿ ಸಿಗದ ಊರಿನಲ್ಲಿ ಎಳೆ ಹೀರೇಕಾಯಿ ನಡೆಯುತ್ತದೆ. ಅದನ್ನು ಮಾತ್ರ ಈರುಳ್ಳಿಗಿಂತ ಮೊದಲೇ ಹುರಿದು ತೆಗೆದಿಡಿ, ಕೊನೆಗೆ ಬೆರೆಸಿ. ಪ್ರೆಶರ್‌ಗೆ ಸಿಕ್ಕರೆ ಕರಗಿ ಹೋಗುತ್ತದೆ.

ಪ್ರಶ್ನೆ: ಮೂರು ಸಲ ಮಾಡಿದೆ, ಮೂರು ಸಲವೂ ಪ್ರೆಶರ್ ಬರುವ ಮೊದಲೇ ‘ಬರ್ನ್’ ಅಂತ ತೋರಿಸಿ ನಿಂತುಹೋಯಿತು. ಕುಕ್ಕರ್ ಕೆಟ್ಟಿದೆಯೇ?
— ಓದುಗರು, ಮೈಸೂರು

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಪಾತ್ರೆಯ ತಳದ ಕೆಳಗೆ ಶಾಖ ಅಳೆಯುವ ಸೆನ್ಸರ್ ಇದೆ. ತಳದಲ್ಲಿ ತೆಳು ನೀರು ಓಡಾಡುತ್ತಿದ್ದರೆ ಶಾಖವನ್ನು ಅದು ಮೇಲಕ್ಕೆ ಒಯ್ಯುತ್ತದೆ. ಮಂದವಾದ ಪದಾರ್ಥ ಕೂತಿದ್ದರೆ ಶಾಖ ಅಲ್ಲೇ ನಿಂತು ತಳ ಮಿತಿಮೀರಿ ಕಾಯುತ್ತದೆ, ಸೆನ್ಸರ್ ಹೀಟರನ್ನು ನಿಲ್ಲಿಸುತ್ತದೆ. ಟೊಮೆಟೊ ಪ್ಯೂರಿ, ಬಾಟಲಿಯ ಪಾಸ್ತಾ ಸಾಸ್ ಎರಡೂ ಮಂದ, ಸಕ್ಕರೆಯ ಅಂಶವೂ ಉಂಟು. ಕಲಕಿದರೆ ನೇರ ತಳಕ್ಕಿಳಿಯುತ್ತವೆ. ಹಾಗಾಗಿಯೇ ಟೊಮೆಟೊ ಮೇಲೆ ಇರಬೇಕು ಎಂದದ್ದು.

ಬಾಡಿಸುವಾಗ ಅಂಟಿದ್ದನ್ನು ಕೆರೆಯದಿದ್ದರೂ ಇದೇ ಪಾಡು. ಗ್ಯಾಸ್ಕೆಟ್ ಸರಿಯಾಗಿ ಕೂರದೆ ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದ್ದರೂ ನೀರು ಇಂಗಿ ತಳ ಹಿಡಿಯುತ್ತದೆ. ಮೂರು ಸಲವೂ ಹೀಗಾಗಿದ್ದರೆ ಇದನ್ನೇ ಮೊದಲು ನೋಡಿ: ಗ್ಯಾಸ್ಕೆಟ್ಟನ್ನು ಬೆರಳಿನಿಂದ ಸುತ್ತ ತಿರುಗಿಸಿದರೆ ಬಿಗಿಯಾಗಿ ಸುತ್ತಬೇಕು, ಎಲ್ಲೂ ಉಬ್ಬಿರಬಾರದು.

ಬರ್ನ್ ಬಂದ ಪಾಸ್ತಾ ಎಸೆಯಬೇಕಿಲ್ಲ. ಕ್ಯಾನ್ಸಲ್ ಮಾಡಿ, ಆವಿ ಬಿಟ್ಟು, ಒಳಗೆ ಪ್ರೆಶರ್ ಇದೆಯೆಂದು ತೋರಿಸುವ ಮುಚ್ಚಳದ ಪಿನ್ ಕೆಳಗಿಳಿದ ಮೇಲೆ ತೆರೆಯಿರಿ. ಕಾಲು ಕಪ್ ಬಿಸಿನೀರು ಹಾಕಿ ತಳ ಕೆರೆದು, ಒಂದು ತುಂಡು ಕಚ್ಚಿ ನೋಡಿ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂದಿರುತ್ತದೆ. ಮುಚ್ಚಿಟ್ಟು ಏಳೆಂಟು ನಿಮಿಷ ಬಿಟ್ಟರೆ ಆ ಬಿಸಿಯಲ್ಲೇ ಮುಗಿಯುತ್ತದೆ. ಸೀದ ವಾಸನೆ ಬಂದಿದ್ದರೆ ಮಾತ್ರ ಕೆರೆಯದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಪ್ರಶ್ನೆ: ಪ್ಯಾಕೆಟ್ಟಿನ ಮೇಲೆ 11 ನಿಮಿಷ ಎಂದಿರುವುದನ್ನು ನಾಲ್ಕೇ ನಿಮಿಷ ಇಟ್ಟರೆ ಬೇಯುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಪ್ಯಾಕೆಟ್ಟಿನ ಸಮಯದ ಅರ್ಧ ತೆಗೆದುಕೊಂಡು ಅದರಲ್ಲಿ ಒಂದು ನಿಮಿಷ ಕಳೆಯಿರಿ. 11ಕ್ಕೆ ನಾಲ್ಕೂವರೆ ಬರುತ್ತದೆ, ಅರ್ಧ ಬಿಟ್ಟು ನಾಲ್ಕು; 8ಕ್ಕೆ ಮೂರು. ಐದಾರು ನಿಮಿಷದ ತೆಳು ಪಾಸ್ತಾಕ್ಕೆ ಮಾತ್ರ ಈ ಲೆಕ್ಕಕ್ಕಿಂತ ಕಡಿಮೆ, ಒಂದು ಅಥವಾ ಸೊನ್ನೆ. ಸೊನ್ನೆ ಎಂದರೆ ಪ್ರೆಶರ್ ಬಂದ ತಕ್ಷಣ ನಿಲ್ಲುವುದು.

ಈ ನಾಲ್ಕು ನಿಮಿಷದಲ್ಲಿ ಸ್ವಲ್ಪ ಕಣ್ಕಟ್ಟು ಇದೆ. ಪ್ರೆಶರ್ ಏರಲು ಎಂಟು ಹತ್ತು ನಿಮಿಷ ಬೇಕು, ಪಾಸ್ತಾ ಆಗಲೇ ನೀರಲ್ಲಿ ಕೂತು ಬಿಸಿಯಾಗುತ್ತಿರುತ್ತದೆ. ಆಮೇಲೆ ಸುಮಾರು 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ನಿಮಿಷ, ಆವಿ ಬಿಡಲು ಎರಡು, ಮುಚ್ಚಿಡಲು ಐದು. ಕೂಡಿಸಿದರೆ ಇಪ್ಪತ್ತು ನಿಮಿಷದ ಆಸುಪಾಸು. ‘ಐದು ನಿಮಿಷದ ಪಾಸ್ತಾ’ ಎಂಬ ಮಾತು ನಂಬಬೇಡಿ. ನಮ್ಮ ಪ್ರಕಾರ ಬೇಸಿಗೆಯಲ್ಲಿ ಇದರ ಲಾಭ ಬೇರೆ: ನಾಲ್ಕು ಲೀಟರ್ ನೀರು ಕುದಿಸಿ ಅಡುಗೆಮನೆಯನ್ನು ಹಬೆಯ ಕೋಣೆ ಮಾಡಬೇಕಿಲ್ಲ, ಒಲೆಯ ಮುಂದೆ ನಿಲ್ಲಬೇಕಿಲ್ಲ. ಕುಕ್ಕರನ್ನು ಯುಟಿಲಿಟಿಯಲ್ಲಿಟ್ಟರೆ ಆವಿಯೂ ಹೊರಗೇ ಹೋಗುತ್ತದೆ.

ಡಿಲೇ ಸ್ಟಾರ್ಟ್ ಮಾತ್ರ ಪಾಸ್ತಾಕ್ಕೆ ಬೇಡವೇ ಬೇಡ. ಬೆಳಿಗ್ಗೆ ನೀರಿಗೆ ಹಾಕಿಟ್ಟು ಸಂಜೆ ಬೇಯಿಸಿದರೆ ಸಿಗುವುದು ಅಂಟು.

ಪ್ರಶ್ನೆ: ನೀವು ಹೇಳಿದ ಹಾಗೇ ಅರ್ಧ ಸಮಯ ಇಟ್ಟರೂ ಅಂಗಡಿಯ ಬಿಡಿ ಪಾಸ್ತಾ ಮುದ್ದೆಯಾಗುತ್ತದೆ.
— ಓದುಗರು, ಹುಬ್ಬಳ್ಳಿ

ಉತ್ತರ: ಅದು ಮೈದಾದ್ದಿರಬೇಕು. ಇಟಲಿಯ ಒಣ ಪಾಸ್ತಾ ಡ್ಯೂರಮ್ ಗೋಧಿಯ ರವೆಯಿಂದ ಆಗುವಂಥದ್ದು. ಡ್ಯೂರಮ್ ನಮಗೆ ಹೊಸದಲ್ಲ, ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಅದೇ ಜಾತಿಯ ಗೋಧಿಯದು. ಅದರ ಪ್ರೋಟೀನ್ ಬೆಂದಾಗ ಬಲೆಯಂತೆ ಗಟ್ಟಿಯಾಗಿ ಪಿಷ್ಟವನ್ನು ಹಿಡಿದಿಡುತ್ತದೆ. ಮೈದಾ ಪಾಸ್ತಾದಲ್ಲಿ ಆ ಹಿಡಿತ ಸಡಿಲ, ಪ್ರೆಶರ್‌ನಲ್ಲಿ ಒಡೆದು ಗಂಜಿ ಬಿಡುತ್ತದೆ. ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ‘ಡ್ಯೂರಮ್ ವೀಟ್ ಸೆಮೊಲಿನಾ’ ಮೊದಲ ಹೆಸರಾಗಿರಲಿ. ಬಿಡಿ ಪಾಸ್ತಾಕ್ಕೆ ತೆರೆದ ಬಾಣಲೆಯೇ ವಾಸಿ.

ಪ್ರಶ್ನೆ: ವಾಲ್ವ್ ತಿರುಗಿಸಿದ ಕೂಡಲೇ ಬಿಳಿ ನೊರೆ ಚಿಮ್ಮಿ ಮೇಲಿನ ಕಪಾಟೆಲ್ಲ ಅಂಟಂಟಾಯಿತು. ತಣಿಯುವ ತನಕ ಕಾದರೆ ಆಗದೇ?
— ಓದುಗರು, ಉಡುಪಿ

ಉತ್ತರ: ತಾನಾಗಿ ಪ್ರೆಶರ್ ಇಳಿಯಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಪಾಸ್ತಾ ಬೇಯುತ್ತಲೇ ಇರುತ್ತದೆ. ಕಾಯಬೇಡಿ, ಆದರೆ ಒಮ್ಮೆಲೇ ಪೂರ್ತಿ ತೆರೆಯಲೂ ಬೇಡಿ. ಪ್ರೆಶರ್ ದಿಢೀರನೆ ಇಳಿದಾಗ ಒಳಗಿನ ಗಂಜಿ ಒಟ್ಟಿಗೇ ಉಕ್ಕುತ್ತದೆ. ಉದ್ದ ಹಿಡಿಯ ಸೌಟಿನಿಂದ ವಾಲ್ವನ್ನು ಎರಡು ಸೆಕೆಂಡು ತೆರೆಯಿರಿ, ಮುಚ್ಚಿ, ಮತ್ತೆ ತೆರೆಯಿರಿ. ಬರುತ್ತಿರುವುದು ಬರೀ ಆವಿ, ನೊರೆಯಲ್ಲ ಎಂದು ಕಂಡ ಮೇಲೆ ಪೂರ್ತಿ ಬಿಡಿ. ಬಟ್ಟೆ ಮುಚ್ಚುವುದು ಅಪಾಯ, ಆವಿಯ ದಾರಿ ಕಟ್ಟುತ್ತದೆ. ಕುಕ್ಕರನ್ನು ಕಪಾಟಿನ ಕೆಳಗಿನಿಂದ ಈಚೆಗೆ ಎಳೆದಿಡಿ.

ಬೇಯಿಸುವ ನೀರಿಗೆ ಒಂದು ಚಮಚ ಎಣ್ಣೆ ಇದ್ದರೆ ನೊರೆ ಕಡಿಮೆ. ಪಾತ್ರೆಯ ಒಳಗಿನ ಅರ್ಧದ ಗೆರೆ ದಾಟಿ ತುಂಬಬೇಡಿ: 6 ಲೀಟರಿಗೆ 450 ಗ್ರಾಂ ಪಾಸ್ತಾ ಮಿತಿ. ಪ್ರಮಾಣ ಹೆಚ್ಚಿಸಿದಾಗ ನೀರು ಅದೇ ಲೆಕ್ಕದಲ್ಲಿ ಹೆಚ್ಚಬೇಕು, ಟೈಮರ್ ಅಲ್ಲ. ಮುಗಿದ ಮೇಲೆ ಮುಚ್ಚಳದ ಒಳಬದಿಯ ಜಾಲರಿ ಮುಚ್ಚಳ, ಪಿನ್, ಪಿನ್ನಿನ ರಬ್ಬರ್ ಟೋಪಿ ಬಿಚ್ಚಿ ತೊಳೆಯಿರಿ. ಒಣಗಿದ ಗಂಜಿ ಪಿನ್ನನ್ನು ಹಿಡಿದುಕೊಂಡರೆ ಮರುದಿನ ಅನ್ನಕ್ಕೂ ಪ್ರೆಶರ್ ಬರುವುದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಆಗಸ್ಟ್‌ನಲ್ಲಿ ಹಿತ್ತಲಿನ ಟೊಮೆಟೊ, ಬೇಸಿಲ್ ತಿಂದು ಮುಗಿಯುವುದಿಲ್ಲ. ಅಷ್ಟು ಒಳ್ಳೆ ಹಣ್ಣನ್ನು ಪ್ರೆಶರ್‌ನಲ್ಲಿ ಬೇಯಿಸಲು ಮನಸ್ಸು ಬರುವುದಿಲ್ಲ.
— ಓದುಗರು, ಎಡಿಸನ್

ಉತ್ತರ: ಬೇಯಿಸಬೇಡಿ. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದವರು ಬೇಸಿಗೆಯಲ್ಲಿ ಮಾಡುವ ‘ಕ್ರುದಾಯೋಲಾ’ ನಿಮಗೆಂದೇ ಇದೆ: ಪಾಸ್ತಾ ಬಿಸಿ, ಟೊಮೆಟೊ ಹಸಿ. 500 ಗ್ರಾಂ ಟೊಮೆಟೊ ಹೆಚ್ಚಿ ಅಗಲ ಬೋಗುಣಿಗೆ ಹಾಕಿ, ಮುಕ್ಕಾಲು ಚಿಕ್ಕ ಚಮಚ ಉಪ್ಪು, ಮೂರು ದೊಡ್ಡ ಚಮಚ ಒಳ್ಳೆಯ ಆಲಿವ್ ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಕೈಯಲ್ಲಿ ಹರಿದ ಬೇಸಿಲ್ ಸೇರಿಸಿ ಅರ್ಧ ಗಂಟೆ ಬಿಡಿ. ಉಪ್ಪಿಗೆ ಟೊಮೆಟೊ ನೀರು ಬಿಡುತ್ತದೆ. ಆ ಕೆಂಪು ನೀರೇ ಸಾಸ್, ಚೆಲ್ಲಬೇಡಿ.

ಇತ್ತ 250 ಗ್ರಾಂ ಪಾಸ್ತಾ, ಎರಡು ಕಪ್ ನೀರು, ಅರ್ಧ ಚಿಕ್ಕ ಚಮಚ ಉಪ್ಪು, ಒಂದು ಚಮಚ ಎಣ್ಣೆ ಕುಕ್ಕರ್‌ಗೆ. ಸಮಯದ ಲೆಕ್ಕ ಅದೇ. ಉಳಿದ ಒಂದೆರಡು ಸೌಟು ಗಂಜಿ ಬಸಿದು ಪಕ್ಕಕ್ಕಿಟ್ಟು, ಬಿಸಿಬಿಸಿ ಪಾಸ್ತಾವನ್ನು ಟೊಮೆಟೊ ಮೇಲೆ ಸುರಿದು ಬೆರೆಸಿ. ಒಣಗಿದಂತಿದ್ದರೆ ಗಂಜಿ ಸ್ವಲ್ಪ ಸೇರಿಸಿ. ಅಲ್ಲಿಯವರು ಕಾಚೊರಿಕೊತ್ತಾ ಚೀಸ್ ತುರಿಯುತ್ತಾರೆ, ಸಿಗದಿದ್ದರೆ ರಿಕೊತ್ತಾ ಸಲಾಟಾ ಹತ್ತಿರದ್ದು. ಫ್ರಿಜ್ಜಿನಲ್ಲಿಟ್ಟ ಟೊಮೆಟೊ ಇದಕ್ಕೆ ಆಗದು, ಪರಿಮಳ ಸತ್ತಿರುತ್ತದೆ.

ಊರಿನಲ್ಲಿರುವ ಓದುಗರಿಗೆ: ಬೇಸಿಲ್ ಎಂದು ತುಳಸಿ ಹಾಕಬೇಡಿ, ಲವಂಗದ ಖಾರ ಎದ್ದು ಕೂರುತ್ತದೆ. ಬೇಸಿಗೆಯ ಶರಬತ್ತಿಗೆ ಬೀಜ ನೆನೆಸುತ್ತೇವಲ್ಲ, ಆ ಕಾಮಕಸ್ತೂರಿಯೇ ಬೇಸಿಲ್‌ನ ಜಾತಿ. ಕುಂಡದಲ್ಲಿದ್ದರೆ ಎಳೆ ಎಲೆ ಕಿತ್ತು ಹಾಕಿ. ಪರಿಮಳ ತುಸು ಗಡಸು, ಎಂಟು ಎಲೆ ಸಾಕು.

ಪ್ರಶ್ನೆ: ಪಾಸ್ತಾಕ್ಕೆ ಸಾಂಬಾರಿನ ವಾಸನೆ ಬರುತ್ತದೆ!
— ಓದುಗರು, ಬೆಂಗಳೂರು

ಉತ್ತರ: ಗ್ಯಾಸ್ಕೆಟ್ಟಿನ ಸಿಲಿಕೋನ್ ಇಂಗು, ಬೆಳ್ಳುಳ್ಳಿ, ಸಾಂಬಾರ್ ಪುಡಿ ಎಲ್ಲವನ್ನೂ ಹೀರಿಕೊಂಡಿದೆ. ಎರಡು ಕಪ್ ನೀರಿಗೆ ಒಂದು ನಿಂಬೆಯ ಸಿಪ್ಪೆ ಹಾಕಿ ಮೂರು ನಿಮಿಷ ಪ್ರೆಶರ್ ಕೊಟ್ಟು, ಗ್ಯಾಸ್ಕೆಟ್ ತೆಗೆದು ಗಾಳಿಗೆ ಒಣಗಿಸಿ. ವಾಸನೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು ಗ್ಯಾಸ್ಕೆಟ್ ಕೊಂಡು ಬೇರೆ ಇಡುವುದೇ ಸರಿ.

ಪ್ರಶ್ನೆ: ಪಾಸ್ತಾ ಬೇಯುವಾಗ ಕರೆಂಟು ಹೋದರೆ? ಮಗ ಅಮೆರಿಕದಿಂದ ತಂದ ಕುಕ್ಕರ್ ಇಲ್ಲಿ ನಡೆಯುತ್ತದೆಯೇ?
— ಓದುಗರು, ಹಾಸನ

ಉತ್ತರ: ಕರೆಂಟಿಗೆ ಕಾಯುತ್ತ ಕೂರಬೇಡಿ. ಆವಿ ಬಿಟ್ಟು, ತೆರೆದು, ಬೇರೆ ಪಾತ್ರೆಗೆ ಸುರಿದು ಗ್ಯಾಸ್ ಮೇಲೆ ಸಣ್ಣ ಉರಿಯಲ್ಲಿ ಮುಗಿಸಿ. ಈ ಕುಕ್ಕರ್ ಎಳೆಯುವುದು ಸುಮಾರು 1000 ವ್ಯಾಟ್, ಫ್ಯಾನು ದೀಪಕ್ಕೆಂದು ಹಾಕಿಸಿದ ಇನ್ವರ್ಟರಿಗೆ ಅದು ಹೊರೆ. ಅಮೆರಿಕದ್ದರ ತಳದಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಪ್ಲಗ್ ಬದಲಿಸಿ ಹಾಕಲೇಬೇಡಿ, ಸುಟ್ಟುಹೋಗುತ್ತದೆ. ಕನಿಷ್ಠ 1500 ವ್ಯಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆ ಹಣಕ್ಕೆ ಇಲ್ಲಿಯದನ್ನೇ ಕೊಳ್ಳುವುದು ಮೇಲು.

ಪ್ರಶ್ನೆ: ತಣ್ಣನೆ ಪಾಸ್ತಾ ಸಲಾಡ್ ಮಾಡಿ ಪ್ರವಾಸಕ್ಕೆ ಒಯ್ಯಬಹುದೇ? ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ.
— ಓದುಗರು, ಕಲಬುರಗಿ

ಉತ್ತರ: ತಣಿದಾಗ ಪಿಷ್ಟ ಮತ್ತೆ ಬಿಗಿಯುತ್ತದೆ, ಅನ್ನ ಫ್ರಿಜ್ಜಿನಲ್ಲಿ ಗಟ್ಟಿಯಾಗುವ ಹಾಗೆ. ಹಾಗಾಗಿ ಸಲಾಡಿಗೆ ಲೆಕ್ಕಕ್ಕಿಂತ ಒಂದು ನಿಮಿಷ ಹೆಚ್ಚು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಬಸಿದು, ಒಂದು ಚಮಚ ಎಣ್ಣೆ ಸವರಿ. ಸೌತೆಕಾಯಿ, ದಪ್ಪ ಮೆಣಸಿನಕಾಯಿ, ಪುದೀನ ಸೇರಿಸಿ ಅರ್ಧ ಕಪ್ ಗಟ್ಟಿ ಮೊಸರು, ನಿಂಬೆರಸ, ಕಾಳುಮೆಣಸಿನ ಪುಡಿಯಲ್ಲಿ ಕಲಸಿ. ಮೊಸರಿನ ಅರ್ಧವನ್ನು ಬಡಿಸುವಾಗಲೇ ಹಾಕಿ, ಮೊದಲು ಹಾಕಿದ್ದನ್ನು ಪಾಸ್ತಾ ಹೀರಿಬಿಡುತ್ತದೆ.

ಪ್ರವಾಸಕ್ಕೆ ಐಸ್ ಪೆಟ್ಟಿಗೆ ಇದ್ದರೆ ಸರಿ. ಇಲ್ಲದಿದ್ದರೆ ಹೊರಗಿನ ಬಿಸಿ 32 ಡಿಗ್ರಿ ದಾಟಿದ ದಿನ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ಕಲಬುರಗಿಯ ಮೇ ತಿಂಗಳಿಗೆ ಚಿತ್ರಾನ್ನವೇ ಕಟ್ಟಿಕೊಳ್ಳಿ.