ಆಪ್ತಸಲಹೆ ಪ್ರಕರಣ: ಕಾರಿನ ಡಿಕ್ಕಿಯಲ್ಲಿದ್ದ ಅಳಿಲು

ಇದು 2007ರ ಡಿಸೆಂಬರಿನ ಪ್ರಕರಣ. ಆಗ ನಾನು ಕೆನಡಾದ ಟೊರಾಂಟೊ ಪಕ್ಕದ ಊರೊಂದರಲ್ಲಿ ಆಪ್ತಸಲಹೆಗಾರ್ತಿಯಾಗಿದ್ದೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬ. ಮನೆಮಾತು ಕೊಂಕಣಿ. ನನಗೆ ಕೊಂಕಣಿ ಬಾರದು, ಹಾಗಾಗಿ ದೊಡ್ಡವರ ಜೊತೆ ಕನ್ನಡದಲ್ಲೇ ಮಾತು. ಹನ್ನೊಂದು ವರ್ಷದ ಮಗಳು ಆರನೇ ಕ್ಲಾಸು, ಅವಳಿಗೆ ಇಂಗ್ಲಿಷೇ ಸಲೀಸು. ನವೆಂಬರಿನಿಂದ ಅವಳಿಗೆ ಬೆಳಗಾದರೆ ಹೊಟ್ಟೆನೋವು. ಡಿಸೆಂಬರಿನಲ್ಲಿ ಅದು ಜಾಸ್ತಿ ಆಯಿತು. ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಎಂದು ನನ್ನ ಹತ್ತಿರ ಕಳಿಸಿದ್ದರು.

ಮೊದಲ ದಿನ ತಾಯಿ ಕುರ್ಚಿಯಲ್ಲಿ ಕೂರುತ್ತಲೇ ಹೇಳಿದರು: "ಎಲ್ಲ ಆ ಪುಸ್ತಕದಿಂದ ಮೇಡಂ. ಅದು ಮನೆಗೆ ಬಂದಮೇಲೆಯೇ ಹೀಗಾದದ್ದು." ತಂದೆ ತಲೆ ಅಲ್ಲಾಡಿಸಿದರು. "ಪುಸ್ತಕದಿಂದ ಎಂತದ್ದೂ ಆಗಲಿಲ್ಲ. ಇವಳು ಕೂಗಾಡಿದ್ದರಿಂದ ಆದದ್ದು." ಇಬ್ಬರೂ ನನ್ನ ಮುಖ ನೋಡಿದರು. ತೀರ್ಪು ಬೇಕಿತ್ತು ಅವರಿಗೆ.

ಆ ಪುಸ್ತಕ ಯಾವುದು ಅಂತ ಇಲ್ಲೇ ಹೇಳಿಬಿಡುತ್ತೇನೆ. ಬ್ರಿಟಿಷ್ ಲೇಖಕ ಫಿಲಿಪ್ ಪುಲ್‌ಮನ್ ಅವರ ಮಕ್ಕಳ ಕಾದಂಬರಿ ‘ದಿ ಗೋಲ್ಡನ್ ಕಂಪಾಸ್’. ಇಂಗ್ಲೆಂಡಿನಲ್ಲಿ 1995ರಲ್ಲಿ ಬೇರೆ ಹೆಸರಿನಿಂದ ಬಂದದ್ದು, ಮೂರು ಪುಸ್ತಕಗಳ ಸರಣಿಯ ಮೊದಲನೆಯದು. ಅದರ ಸಿನಿಮಾ 2007ರ ಡಿಸೆಂಬರ್ 7ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾಯಿತು. ಕತೆಯಲ್ಲಿ ಮಕ್ಕಳನ್ನು ಹಿಂಸಿಸುವ ಸಂಸ್ಥೆಯ ಹೆಸರು ಮ್ಯಾಜಿಸ್ಟೀರಿಯಂ. ಕ್ಯಾಥೊಲಿಕ್ ಧರ್ಮಸಭೆಯ ಬೋಧನಾ ಅಧಿಕಾರಕ್ಕೂ ಅದೇ ಹೆಸರು. ಲೇಖಕರು ತಮಗೆ ದೇವರಲ್ಲಿ ನಂಬಿಕೆ ಇಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡವರು. ಅಮೆರಿಕದ ಕ್ಯಾಥೊಲಿಕ್ ಲೀಗ್ ಎಂಬ ಸಂಸ್ಥೆಯ ಅಧ್ಯಕ್ಷ ಬಿಲ್ ಡೊನೊಹ್ಯೂ, ಸಿನಿಮಾ ಬರುವ ಮೊದಲೇ ಅದನ್ನು ಬಹಿಷ್ಕರಿಸಿ ಎಂದು ಕರೆ ಕೊಟ್ಟಿದ್ದರು. ನಮ್ಮ ಊರಿನ ಪಕ್ಕದ ಹಾಲ್ಟನ್ ಕ್ಯಾಥೊಲಿಕ್ ಶಾಲಾ ಮಂಡಳಿ ನವೆಂಬರಿನಲ್ಲಿ ಪುಸ್ತಕವನ್ನು ಲೈಬ್ರರಿ ಕಪಾಟುಗಳಿಂದ ತೆಗೆಸಿತ್ತು. ಆ ಸುದ್ದಿ ಪೇಪರಿನಲ್ಲಿ ಬಂದ ವಾರವೇ ತಾಯಿಗೆ ಪ್ರಾರ್ಥನಾ ಕೂಟದ ಗೆಳತಿಯಿಂದ ಒಂದು ಇಮೇಲ್ ಬಂತು. ಮಕ್ಕಳ ಕೈಯಿಂದ ದೇವರನ್ನು ಕೊಲ್ಲಿಸುವ ಕತೆ ಇದು, ನಾಲ್ಕು ಜನರಿಗೆ ಕಳಿಸಿ ಎಂದು ಅದರಲ್ಲಿತ್ತು.

ಅವರು ಮಗಳ ಕೋಣೆಗೆ ಹೋದರು. ಹಾಸಿಗೆಯ ಮೇಲೆ ಅದೇ ಪುಸ್ತಕ! ಊರಿನ ಲೈಬ್ರರಿಯಿಂದ ತಂದದ್ದು, ಅರ್ಧ ಓದಿ ಗುರುತಿಗೆ ಕಾಗದ ಇಟ್ಟದ್ದು. ಕಸಿದುಕೊಂಡು ಹೋಗಿ ಕಾರಿನ ಡಿಕ್ಕಿಗೆ ಹಾಕಿ ಬೀಗ ಹಾಕಿದರು. ವಾಪಸ್ ಕೊಡುವವರೆಗೆ ಅದು ಮನೆಯೊಳಗೆ ಇರಬಾರದು ಎಂಬುದು ಅವರ ಆತಂಕ. ಬೈಯುವಾಗ ಒಂದು ಮಾತು ಬಾಯಿಂದ ಬಂದುಬಿಟ್ಟಿತು: "ಇದನ್ನು ಓದಿದರೆ ಕಾವಲುದೂತ ನಿನ್ನನ್ನು ಬಿಟ್ಟುಹೋಗ್ತಾನೆ." ಪ್ರತಿಯೊಬ್ಬರನ್ನೂ ಕಾಯಲು ದೇವರು ಒಬ್ಬ ದೂತನನ್ನು ಇಟ್ಟಿರುತ್ತಾನೆ ಎಂಬುದು ಕ್ಯಾಥೊಲಿಕರ ನಂಬಿಕೆ.

ಈ ಮಾತು ತಾಯಿಗೆ ನೆನಪೇ ಇರಲಿಲ್ಲ. ಮಗಳಿಗೆ ಇತ್ತು.

ಎರಡನೇ ಭೇಟಿಯಲ್ಲಿ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡೆ. ಅದಕ್ಕೂ ಮೊದಲು ಎರಡು ರಾತ್ರಿ ಕೂತು ಪುಸ್ತಕ ಓದಿ ಮುಗಿಸಿದ್ದೆ. ಮಗುವಿನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆಯೋ ಆ ಜಾಗ ನೋಡದೆ ಸಲಹೆ ಕೊಡುವುದು ಸರಿಯಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಆ ಕತೆಯ ಲೋಕದಲ್ಲಿ ಪ್ರತಿಯೊಬ್ಬರ ಆತ್ಮವೂ ಒಂದು ಪ್ರಾಣಿಯ ರೂಪದಲ್ಲಿ ಹೊರಗೇ ಇರುತ್ತದೆ, ಜೊತೆಜೊತೆಗೆ ಓಡಾಡುತ್ತದೆ, ಮಾತಾಡುತ್ತದೆ. ಮಕ್ಕಳದ್ದು ಗಳಿಗೆಗೊಂದು ರೂಪ. ಇಲಿ, ಹಕ್ಕಿ, ಪತಂಗ, ಬೆಕ್ಕು. ದೊಡ್ಡವರಾಗುತ್ತಾ ಒಂದೇ ರೂಪಕ್ಕೆ ನಿಲ್ಲುತ್ತದೆ. ಆ ಪ್ರಾಣಿಯನ್ನು ಮಗುವಿನಿಂದ ಬೇರ್ಪಡಿಸಿದರೆ ಮಗು ಬದುಕಿದ್ದೂ ಸತ್ತಂತೆ. ಲೇಖಕರು ಅದಕ್ಕೆ ಹಳೆಯ ಗ್ರೀಕ್ ಪದದಿಂದ ಬಂದ ಹೆಸರಿಟ್ಟಿದ್ದಾರೆ. ಬರೆಯುವ ರೀತಿ ಬೇರೆ, ಆದರೆ ಉಚ್ಚಾರ ‘ಡೀಮನ್’ ಅಂತಲೇ. ಕೇಳಿದವರಿಗೆ ದೆವ್ವ ಅಂತಲೇ ಅರ್ಥ. ತಾಯಿಗೂ ಅಜ್ಜಿಗೂ ಹಾಗೇ ಕೇಳಿಸಿತ್ತು.

"ನಿನ್ನ ಪ್ರಾಣಿ ಯಾವುದು?" ಎಂದು ಕೇಳಿ ಬಣ್ಣದ ಪೆನ್ಸಿಲ್ ಕೊಟ್ಟೆ. ತಡಮಾಡದೆ ಒಂದು ಅಳಿಲು ಬರೆದಳು. ಆಮೇಲೆ ಅದರ ಸುತ್ತ ಒಂದು ಕಪ್ಪು ಪೆಟ್ಟಿಗೆ. ಪೆಟ್ಟಿಗೆಗೆ ಎರಡು ಚಕ್ರ.

ಅದೇನು ಎಂದು ಕೇಳಿದೆ.

"ಅಮ್ಮನ ಕಾರಿನ ಡಿಕ್ಕಿ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಕೂತೆವು. ಜೀವಕ್ಕೆ ಅಪಾಯದ ವಿಷಯ ಬಿಟ್ಟರೆ ಉಳಿದದ್ದನ್ನು ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅದನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ವಿಷಯ ಬಿಚ್ಚಿದಳು. ಸಿನಿಮಾ ಬಂದ ಮರುದಿನ ಅಪ್ಪ ಅವಳನ್ನು ಕರೆದುಕೊಂಡು ಹೋಗಿದ್ದರು. ಮನೆಯಲ್ಲಿ ಸ್ಕೇಟಿಂಗ್‌ಗೆ ಎಂದು ಹೇಳಿದ್ದರು. ಬರುವಾಗ ಕಾರಿನಲ್ಲಿ "ಅಮ್ಮನಿಗೆ ಹೇಳಬೇಡ ಆಯ್ತಾ" ಎಂದಿದ್ದರು. ಮರುದಿನ ಭಾನುವಾರ. ಚರ್ಚಿನಲ್ಲಿ ಎಲ್ಲರೂ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ ತೆಗೆದುಕೊಳ್ಳಲು, ಎದ್ದರು. ಸುಳ್ಳು ಹೇಳಿದ ಬಾಯಲ್ಲಿ ಹೇಗೆ ತೆಗೆದುಕೊಳ್ಳುವುದು? ಹೊಟ್ಟೆನೋವು ಎಂದು ಹೇಳಿ ಬೆಂಚಿನಲ್ಲೇ ಉಳಿದಳು. "ಆಗ ನೋವು ಇರಲಿಲ್ಲ ಆಂಟಿ. ಹೇಳಿದ ಮೇಲೆ ನಿಜವಾಗ್ಲೂ ಬಂತು."

ಆಮೇಲೆ ಅವಳು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಕತೆಯ ನಾಯಕಿ ಲೈರಾ ಸುಳ್ಳು ಹೇಳುವುದರಲ್ಲಿ ಬಲು ನಿಪುಣೆ. "ಲೈರಾನೂ ಸುಳ್ಳು ಹೇಳ್ತಾಳೆ. ಅವಳಿಗೆ ಹೊಟ್ಟೆನೋವು ಬರೋದೇ ಇಲ್ಲ."

ಅವಳು ಕತೆಯಿಂದ ಹೆದರಿರಲಿಲ್ಲ. ಅಪ್ಪನ ಗುಟ್ಟು ಕಾಯಬೇಕು, ಅಮ್ಮನಿಗೆ ಮೋಸ ಮಾಡಬಾರದು, ದೇವರು ಎಲ್ಲ ನೋಡುತ್ತಿದ್ದಾನೆ. ಹನ್ನೊಂದು ವರ್ಷದ ಮಗು ಇಷ್ಟನ್ನೂ ಒಬ್ಬಳೇ ಹೊತ್ತುಕೊಂಡಿತ್ತು. ತಾಯಿಯ ಬೈಗುಳಕ್ಕಿಂತ ತಂದೆಯ ಗುಟ್ಟು ಭಾರವಾಗಿತ್ತು ಎಂದೇ ನನ್ನ ಅನಿಸಿಕೆ. ಬೈಗುಳ ಒಂದು ದಿನದ್ದು. ಗುಟ್ಟನ್ನು ದಿನವೂ ಕಾಯಬೇಕು.

ಇದನ್ನು ತಾಯಿಗೆ ನಾನು ಹೇಳುವಂತಿರಲಿಲ್ಲ, ಹೇಳಲೂಬಾರದಿತ್ತು. ಹುಡುಗಿಯ ಒಪ್ಪಿಗೆ ತೆಗೆದುಕೊಂಡು ತಂದೆಯನ್ನು ಕರೆದೆ. ನೀವೇ ಹೇಳಬೇಕು, ಈ ವಾರವೇ, ಮಗಳ ಮೇಲೆ ಒಂದು ಮಾತೂ ಬೀಳದ ಹಾಗೆ ಎಂದೆ. "ಸಿನಿಮಾಕ್ಕೆ ಕರೆದದ್ದು ನಾನು, ಸುಳ್ಳು ಹೇಳಿಸಿದ್ದೂ ನಾನು." ಈ ಎರಡು ವಾಕ್ಯ ಮಗಳ ಎದುರಿಗೇ ಬರಬೇಕು ಎಂದೆ. ಅವರು ತುಂಬ ಹೊತ್ತು ನೆಲ ನೋಡುತ್ತಾ ಕೂತರು. "ಅವಳ ಪಕ್ಷ ವಹಿಸಿದೆ ಅಂತ ತಿಳಿದಿದ್ದೆ ನಾನು," ಎಂದರು. ಒಳ್ಳೆಯ ಮನುಷ್ಯ. ಆ ರಾತ್ರಿಯೇ ಹೇಳಿದರು. ತಾಯಿ ಎರಡು ದಿನ ಗಂಡನ ಜೊತೆ ಮಾತು ಬಿಟ್ಟರು. ಮಗಳು ಮಾತ್ರ ಆ ರಾತ್ರಿ ದೀಪ ಆರಿಸಿ ಮಲಗಿದಳು.

ತಾಯಿಯ ಜೊತೆಗಿನ ಕೆಲಸ ಇದಕ್ಕಿಂತ ನಿಧಾನದ್ದು. "ನೀವು ಹಿಂದೂಗಳು. ನಮ್ಮ ವಿಶ್ವಾಸದ ವಿಷಯ ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ವಿಶ್ವಾಸ ಸರಿಯೋ ತಪ್ಪೋ ನೋಡುವುದು ನನ್ನ ಕೆಲಸ ಅಲ್ಲ, ಅದಕ್ಕೆ ನಿಮ್ಮ ಫಾದರ್ ಇದ್ದಾರೆ, ಅವರನ್ನೇ ಕೇಳಿ ಎಂದೆ. ಅವರ ಭಯವನ್ನು ಹಗುರ ಮಾಡಿಯೂ ಮಾತಾಡಲಿಲ್ಲ. ಅದಕ್ಕೆ ಆಧಾರ ಇತ್ತು. ಸರಣಿಯ ಮೂರನೇ ಪುಸ್ತಕದಲ್ಲಿ, ಸೃಷ್ಟಿಕರ್ತ ನಾನೇ ಎಂದು ಹೇಳಿಕೊಂಡು ಆಳುತ್ತಿದ್ದ ಒಂದು ಮುದಿ ಜೀವ ಗಾಳಿ ಸೋಕಿ ಕರಗಿಹೋಗುತ್ತದೆ. ಮಕ್ಕಳು ಅದನ್ನು ಕೊಲ್ಲಲು ಹೋದವರಲ್ಲ, ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದ್ದ ಅದನ್ನು ಬಿಡಿಸಲು ಹೋದವರು. ಇಮೇಲಿನಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೇವರನ್ನು ನಂಬಿ ಮಗಳನ್ನು ಬೆಳೆಸುತ್ತಿರುವ ತಾಯಿಗೆ ಇದು ನೋವಿನ ವಿಷಯವೇ ಅಲ್ವಾ?

ಅವರಿಗೆ ಗೊತ್ತಿಲ್ಲದ ಕೆಲವು ಸಂಗತಿಗಳನ್ನೂ ಮುಂದಿಟ್ಟೆ. ನಿರ್ದೇಶಕ ಕ್ರಿಸ್ ವೈಟ್ಸ್ ಸಿನಿಮಾದಲ್ಲಿ ಚರ್ಚಿನ ಮಾತನ್ನು ಬಹಳ ಮಟ್ಟಿಗೆ ತೆಗೆದಿದ್ದರು. ಅದಕ್ಕೆ ಬ್ರಿಟನ್ನಿನ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಎಂಬ ಧರ್ಮನಿರಪೇಕ್ಷ ಸಂಘದವರೇ ಬೇಸರಪಟ್ಟುಕೊಂಡಿದ್ದರು. ಡೊನೊಹ್ಯೂ ಅವರ ಆಕ್ಷೇಪವೂ ಸಿನಿಮಾಕ್ಕಿಂತ ಹೆಚ್ಚಾಗಿ ಪುಸ್ತಕಗಳ ಮೇಲೆ ಇತ್ತು. ಸಿನಿಮಾ ನೋಡಿದ ಮಕ್ಕಳು ಕ್ರಿಸ್‌ಮಸ್‌ಗೆ ಪುಸ್ತಕ ಕೊಡಿಸಿ ಎನ್ನುತ್ತಾರೆ ಎಂಬುದು ಅವರ ಚಿಂತೆ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯ ಸಿನಿಮಾ ವಿಭಾಗವೇ ಮೊದಲು ಒಳ್ಳೆಯ ವಿಮರ್ಶೆ ಬರೆದಿತ್ತು. ಆಮೇಲೆ ಡಿಸೆಂಬರಿನಲ್ಲೇ ಅದನ್ನು ಹಿಂದಕ್ಕೆ ಪಡೆದರು. ಆಂಗ್ಲಿಕನ್ ಚರ್ಚಿನ ಆಗಿನ ಧಾರ್ಮಿಕ ಮುಖ್ಯಸ್ಥ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ 2004ರಲ್ಲಿ ಇದೇ ಲೇಖಕರ ಜೊತೆ ಲಂಡನ್ನಿನ ರಂಗಮಂದಿರದಲ್ಲಿ ಕೂತು ಬಹಿರಂಗವಾಗಿ ಚರ್ಚೆ ಮಾಡಿದ್ದರು. ಈ ಕತೆಗಳನ್ನು ಶಾಲೆಯ ಧರ್ಮಶಿಕ್ಷಣದ ಪಾಠದಲ್ಲಿ ಚರ್ಚಿಸಬೇಕು ಎಂದೂ ಹೇಳಿದ್ದರು.

ಇದನ್ನೆಲ್ಲ ಕೇಳಿ ತಾಯಿ ಕೊಂಚ ಸಿಟ್ಟಿನಿಂದಲೇ, "ಹಾಗಾದರೆ ದೊಡ್ಡವರಿಗೇ ಒಮ್ಮತ ಇಲ್ಲ" ಎಂದರು. ಹೌದು, ಇಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಮಗಳು ಏನು ಓದಬೇಕು ಎಂದು ತೀರ್ಮಾನಿಸುವ ಹಕ್ಕು ನಿಮ್ಮದೇ, ಅದನ್ನು ಯಾರೂ ಕಸಿಯುತ್ತಿಲ್ಲ. ಆದರೆ ಇಮೇಲ್ ಓದಿ ತೀರ್ಮಾನಿಸಬೇಡಿ, ಪುಸ್ತಕ ಓದಿ ತೀರ್ಮಾನಿಸಿ. ಬೇಡ ಅನಿಸಿದರೆ ಬೇಡ ಎನ್ನಿ, ಯಾಕೆ ಎಂದು ನಿಮ್ಮ ಮಾತಿನಲ್ಲಿ ಹೇಳಿ. "ದೇವರು ಶಿಕ್ಷೆ ಕೊಡ್ತಾನೆ" ಎಂಬ ಮಾತನ್ನು ಮಾತ್ರ ಕಾರಣವಾಗಿ ಬಳಸಬೇಡಿ. ಮಗು ಆ ಮಾತನ್ನು ನಂಬಿ ಹೆದರುತ್ತದೆ, ಇಲ್ಲವಾದರೆ ನಂಬುವುದನ್ನೇ ಬಿಡುತ್ತದೆ. ಎರಡೂ ನಿಮಗೆ ಬೇಡ. ಈ ವಿಷಯದ ಜಗಳ ಅವಳ ಎದುರು ಬೇಡ, ಪಕ್ಕದ ಕೋಣೆಯಲ್ಲೂ ಬೇಡ. ಅಲ್ಲಿನ ಮರದ ಮನೆಗಳಲ್ಲಿ ಗೋಡೆ ತೆಳು, ಎಲ್ಲ ಕೇಳಿಸುತ್ತದೆ. ಮುಖ್ಯವಾಗಿ, ಕಾವಲುದೂತ ಬಿಟ್ಟುಹೋಗುವುದಿಲ್ಲ ಎಂದು ನೀವೇ ಅವಳಿಗೆ ಹೇಳಬೇಕು. ಬಿಟ್ಟುಹೋಗುತ್ತಾನೆ ಎಂದ ಬಾಯಿಂದಲೇ ಅದು ಬರಬೇಕು.

ತಾಯಿ ಅತ್ತರು. "ನಾನು ಹಾಗೆ ಹೇಳಿದೆನಾ?" ಎಂದು ಮೂರು ಸಲ ಕೇಳಿದರು.

ಊರಿನಿಂದ ಅಜ್ಜಿ ಬಂದಿದ್ದರು, ನವೆಂಬರಿನಲ್ಲೇ. ಹುಡುಗಿಗೆ ಅವರು ವ್ಹಡ್ಲಿಮಾಂಯ್, ಜೀವಕ್ಕೆ ಜೀವ. ಅವರನ್ನು ನನ್ನ ಕೋಣೆಗೆ ಕರೆಸಲಿಲ್ಲ. ಕ್ರಿಸ್‌ಮಸ್‌ಗೆ ಮನೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ತಯಾರಿ ನಡೆದಿತ್ತು. ಕಿಡಿಯೊ ಎಂಬ ಸುರುಳಿ ತಿಂಡಿ ಹೊಸೆಯುವಾಗ ಅಜ್ಜಿಗೆ ಆ ಪ್ರಾಣಿಗಳ ಕತೆ ನೀನೇ ಹೇಳು ಎಂದು ಹುಡುಗಿಗೆ ಹೇಳಿಕೊಟ್ಟೆ. ಎದುರುಬದುರು ಕೂರಿಸಿದರೆ ಅದು ವಿಚಾರಣೆಯ ಹಾಗಾಗುತ್ತದೆ. ಕೈಯಲ್ಲಿ ಹಿಟ್ಟಿದ್ದಾಗ ಕಣ್ಣು ಕೆಳಗಿರುತ್ತದೆ, ಮಾತು ತಾನಾಗಿ ಬರುತ್ತದೆ. ಹುಡುಗಿ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡುತ್ತಾ ಪೂರ್ತಿ ಕತೆ ಹೇಳಿದಳಂತೆ. ಅಜ್ಜಿ ಕೇಳಿ, "ಹಾಗಾದರೆ ಅದು ಕಾವಲುದೂತನ ಹಾಗೆಯೇ ಅಲ್ವಾ?" ಎಂದರಂತೆ. ಸ್ವಲ್ಪ ಹೊತ್ತಾದಮೇಲೆ, "ಅಲ್ಲ ಬಾಯ್, ಕಾವಲುದೂತ ಇಲಿಯಾಗುವುದಿಲ್ಲ" ಎಂದು ತಾವೇ ತಿದ್ದಿಕೊಂಡರಂತೆ. ಅವರು ಕತೆ ಒಪ್ಪಲಿಲ್ಲ. ಆದರೆ ಕೊನೆಯವರೆಗೆ ಕೇಳಿದರು. ಹುಡುಗಿಗೆ ಅಷ್ಟು ಸಾಕಾಗಿತ್ತು.

ಕ್ರಿಸ್‌ಮಸ್ ರಾತ್ರಿಯ ಪೂಜೆಯಲ್ಲಿ ಅವಳು ಪರಮಪ್ರಸಾದ ತೆಗೆದುಕೊಂಡಳು. ಅದಕ್ಕೆ ಮೊದಲು ಪಾಪನಿವೇದನೆಗೂ ಹೋಗಿಬಂದಿದ್ದಳು. ಅಲ್ಲಿ ಏನು ಹೇಳಿದಳೋ ಅದು ಅವಳಿಗೂ ಫಾದರ್‌ಗೂ ಬಿಟ್ಟದ್ದು. ಜನವರಿಯಲ್ಲಿ ಎರಡು ಸಲ ಹೊಟ್ಟೆನೋವು ಬಂತು. ಒಂದು ಗಣಿತದ ಪರೀಕ್ಷೆಯ ದಿನ, ಇನ್ನೊಂದಕ್ಕೆ ಕಾರಣ ತಿಳಿಯಲಿಲ್ಲ.

ತಾಯಿ ಆ ಪುಸ್ತಕವನ್ನು ಲೈಬ್ರರಿಗೆ ಕೊಟ್ಟು, ಮತ್ತೆ ತಮ್ಮ ಕಾರ್ಡಿನ ಮೇಲೆ ತಂದರು. ಓದಲು ಐದು ವಾರ ಹಿಡಿಯಿತು. ಆಮೇಲೆ ತಾವೇ ತೀರ್ಮಾನ ಹೇಳಿದರು. ಮೊದಲ ಪುಸ್ತಕ ಓದಲಿ, ಉಳಿದೆರಡು ಹದಿನಾಲ್ಕು ತುಂಬಿದಮೇಲೆ. ಹುಡುಗಿ ಹದಿಮೂರಕ್ಕೆ ಇಳಿಸಿ ಎಂದು ಚೌಕಾಸಿ ಮಾಡಿದಳು. ತಾಯಿ ಬಿಡಲಿಲ್ಲ. ನನಗೆ ಆ ಚೌಕಾಸಿ ಕೇಳಿ ತುಂಬ ಸಮಾಧಾನ ಆಯಿತು. ಹೆದರಿದ ಮಗು ಚೌಕಾಸಿ ಮಾಡುವುದಿಲ್ಲ.

ಫೆಬ್ರವರಿಯ ಕೊನೆಯ ಭೇಟಿಗೆ ತಾಯಿ ಒಬ್ಬರೇ ಬಂದರು. ಮುಖದಲ್ಲಿ ಚಿಂತೆ. ಮತ್ತೇನಾಯಿತು ಎಂದು ಕೇಳಿದೆ.

"ಮೇಡಂ, ಕೊನೆಯಲ್ಲಿ ಆ ಹುಡುಗ ರೋಜರ್ ಸಾಯ್ತಾನೆ."

ನನಗೆ ಗೊತ್ತಿತ್ತು. ಸಿನಿಮಾದಲ್ಲಿ ಆ ಭಾಗ ಇಲ್ಲ, ಅದಕ್ಕೆ ಮೊದಲೇ ಮುಗಿಸಿಬಿಟ್ಟಿದ್ದಾರೆ. ಹುಡುಗಿ ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿದ್ದಳು.

"ಅವಳಿಗೆ ಇನ್ನೂ ಗೊತ್ತಿಲ್ಲ. ಲೈರಾ ಅಷ್ಟು ದೂರ ಹೋದದ್ದೇ ಅವನನ್ನು ಬಿಡಿಸಲಿಕ್ಕೆ. ಇವಳಿಗೆ ಅವನೆಂದರೆ ತುಂಬ ಇಷ್ಟ. ಮೊದಲೇ ಹೇಳಿಬಿಡಬೇಕಾ, ಓದುವಾಗ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಬೇಕಾ?"

ಮೊದಲೇ ಹೇಳಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ ಎಂದೆ. ಕೊನೆಯ ಮೂರು ಅಧ್ಯಾಯ ಶನಿವಾರ ಹಗಲು ಹೊತ್ತಿನಲ್ಲಿ ಓದಲಿ, ಮರುದಿನ ಶಾಲೆ ಇರುವ ರಾತ್ರಿ ಬೇಡ. ಅತ್ತರೆ ಅಳಲಿ, ನಿಮಗೆ ಅಳು ಬಂದರೆ ನೀವೂ ಅಳಿ ಎಂದೆ. ತಾಯಿ ಚೀಲದಿಂದ ಪುಟ್ಟ ಡೈರಿ ತೆಗೆದು ಶನಿವಾರದ ಎದುರು ಏನೋ ಗುರುತು ಹಾಕಿಕೊಂಡರು. ಆಮೇಲೆ ಕೋಟು ಹಾಕಿಕೊಳ್ಳುತ್ತಾ, "ನಾನಂತೂ ಅಡುಗೆಮನೆಯಲ್ಲಿ ನಿಂತೇ ಅತ್ತೆ" ಎಂದರು.